ಮಕ್ಕಳ ಆಟವೂ ಶಾಲೆಯ ಬಯಲೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಬಿನ್ನವಿಸುತ್ತೇನೆ. ಪಾಠಶಾಲೆಯಲ್ಲಿ ಕೋಶವ್ಯಾಕರಣಗಳನ್ನು ಹೇಳುತ್ತಿರುವವನಿಗೆ ಮಕ್ಕಳ ಆಟದ ವಿಚಾರವೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಮಠದ ವಿದ್ಯಾಸಂಸ್ಥೆಗಳಿಗೆ ಮಕ್ಕಳು ಪ್ರಾತಃಕಾಲದಿಂದ ಸಾಯಂಕಾಲದವರೆಗೂ ಬಂದಿರುವರಷ್ಟೆ. ಅವರ ಬುದ್ಧಿ ಮಾತ್ರ ಇಲ್ಲಿಗೆ ಬಂದು ದೇಹವು ಮನೆಯಲ್ಲಿಯೇ ಉಳಿದಿರುವುದೇ? ಬುದ್ಧಿಯನ್ನು ವಹಿಸಿಕೊಂಡವರು ದೇಹದ ಹೊಣೆಯನ್ನೂ ವಹಿಸಿಕೊಂಡಂತೆಯೇ ಸರಿ. ಆದುದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ.

ಹಿಂದಿನ ಕಾಲದಲ್ಲಿ ಊರಿನ ಮಕ್ಕಳಿಗೆ ಆಟವನ್ನು ಕಲಿಸುವುದಕ್ಕೆ ಪ್ರತ್ಯೇಕವಾದ ಗುರುಗಳಿರಲಿಲ್ಲ. ಚಿಣ್ಣಿದಾಂಡು, ಲಗೋರಿ, ಮರಕೋತಿ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ ಮೊದಲಾದವುಗಳನ್ನು ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳು ನೋಡಿ ಕಲಿಯುತ್ತಿದ್ದರು. ಈ ಆಟಗಳಿಗೆ ಒಂದು ದೊಡ್ಡ ಗುಣವಿದ್ದಿತು. ಇಬ್ಬರಿದ್ದರೆ ಇಬ್ಬರ ಆಟ. ಇಪ್ಪತ್ತು ಮಂದಿ ಕೂಡಿದರೆ ಇಪ್ಪತ್ತು ಮಂದಿಯ ಆಟ. ತೀರ ಎಳೆಯ ಮಗುವೊಂದು ಅಣ್ಣನ ಬೆನ್ನು ಹತ್ತಿ ಬಂದರೆ ಅದನ್ನು ಹಿಂದಕ್ಕೆ ಅಟ್ಟುತ್ತಿರಲಿಲ್ಲ. ಓಡಲಿ, ಸಿಕ್ಕಿದರೂ ಸಿಕ್ಕಿದಂತೆ ಎಣಿಸಬೇಡಿ ಎಂದು ಸೇರಿಸಿಕೊಳ್ಳುತ್ತಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ನಮ್ಮ ನಾಡಿನ ಗಾದೆಯು ಅಂತಹ ಮಗುವನ್ನು ನೋಡಿಯೇ ಹುಟ್ಟಿದಂತೆ ತೋರುತ್ತದೆ. ನಾವು ಇದನ್ನು ಹಾಸ್ಯಕ್ಕಾಗಿ ಬಳಸುತ್ತೇವೆ; ಆದರೆ ಗಾದೆಯ ಮೊದಲಿನ ಅರ್ಧದಲ್ಲಿ ದಯೆಯಿರುವುದನ್ನು ಗಮನಿಸಬೇಕು. ಲೆಕ್ಕಕ್ಕೆ ಬಾರದವನೂ ಆಟಕ್ಕೆ ಉಂಟು.

ಇಂದಿನ ನಮ್ಮ ಶಾಲೆಗಳನ್ನು ನೋಡಿದರೆ ಈ ಗಾದೆಯು ತಲೆಕೆಳಗಾಗಿರುವಂತೆ ಕಾಣುತ್ತದೆ. ಹಾಜರಿಯ ಪುಸ್ತಕದಲ್ಲಿ ಮಗುವಿನ ಹೆಸರಿದೆ. ಕ್ರೀಡಾಶುಲ್ಕವನ್ನು ತೆರುವವರಲ್ಲಿ ಮಗುವಿದೆ. ಕ್ರೀಡಾದಿನದ ಮೆರವಣಿಗೆಯ ಸಾಲಿನಲ್ಲಿಯೂ ಮಗುವಿದೆ. ಆದರೆ ಆಟದ ಅಂಗಣದಲ್ಲಿ ಮಗುವಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇದು ಹೇಗೆ ಆಯಿತು, ಇದರಿಂದ ಆಗುವ ಹಾನಿಯೇನು, ಶ್ರೀಮಠದ ಭಕ್ತರಾದ ನಾವು ಮಾಡಬಹುದಾದುದೇನು ಎಂಬ ಮೂರನ್ನು ಮಾತ್ರ ಇಲ್ಲಿ ವಿಚಾರಿಸುತ್ತೇನೆ.

ಕಟ್ಟಳೆಯುಳ್ಳ ಕ್ರೀಡೆಯನ್ನು ನಾನು ನಿಂದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ಹಳ್ಳಿಯ ಆಟಕ್ಕೆ ನಿಯಮಗಳನ್ನು ಗೊತ್ತುಮಾಡಿದುದರಿಂದ ಆದ ಉಪಕಾರವು ಅಲ್ಪವಲ್ಲ. ಪುಣೆಯ ಡೆಕ್ಕನ್ ಜಿಮಖಾನಾ ಸಂಸ್ಥೆಯವರು ೧೯೧೪ರಲ್ಲಿ ಖೋ-ಖೋ ಆಟಕ್ಕೆ ನಿಯಮಗಳನ್ನು ರಚಿಸಲು ಕೈಹಾಕಿದರು. ೧೯೩೬ರಲ್ಲಿ ಬರ್ಲಿನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಅಲ್ಲಿ ಕಬಡ್ಡಿಯನ್ನು ಆಡಿ ತೋರಿಸಿದರು. ೧೯೯೦ರ ಬೀಜಿಂಗ್ ಏಷ್ಯಾ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಪದಕದ ಸ್ಥಾನವು ದೊರೆಯಿತು. ೨೦೧೦ರಲ್ಲಿ ಗುವಾಂಗ್‌ಝೌ ನಗರದ ಕೂಟದಲ್ಲಿ ಸ್ತ್ರೀಯರ ಕಬಡ್ಡಿಗೂ ದೊರೆಯಿತು. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋ ಆಟದ ಮೊದಲನೆಯ ವಿಶ್ವಕೂಟವು ನಡೆದು, ಪುರುಷರ ವಿಭಾಗದಲ್ಲಿಯೂ ಸ್ತ್ರೀಯರ ವಿಭಾಗದಲ್ಲಿಯೂ ಭಾರತವೇ ಗೆದ್ದಿತು. ಗೆದ್ದ ಸ್ತ್ರೀಯರ ತಂಡದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಅವರಿದ್ದರು. ಎರಡು ಕಂಬಗಳನ್ನು ನೆಟ್ಟು ನೆಲದ ಮೇಲೆ ಗೆರೆಗಳನ್ನೆಳೆದರೆ ಸಿದ್ಧವಾಗುವ ಆಟವೊಂದು ಹಳ್ಳಿಯ ಹೆಣ್ಣುಮಗಳನ್ನು ವಿಶ್ವಕೂಟದವರೆಗೆ ಕರೆದೊಯ್ದಿತೆಂದರೆ, ನಿಯಮಬದ್ಧವಾದ ಕ್ರೀಡೆಯ ಮಹಿಮೆಗೆ ಬೇರೆ ಸಾಕ್ಷಿ ಬೇಕಿಲ್ಲ.

ದೋಷವಿರುವುದು ಆಟದಲ್ಲಿ ಅಲ್ಲ, ನಾವು ಅದನ್ನು ಶಾಲೆಯಲ್ಲಿ ನಡೆಸುವ ಕ್ರಮದಲ್ಲಿ. ನಮ್ಮ ಶಾಲಾಕ್ರೀಡೆಯು ಒಂದು ಏಣಿಯಂತೆ ಇದೆ. ವಲಯದ ಕೂಟ, ತಾಲ್ಲೂಕಿನ ಕೂಟ, ಜಿಲ್ಲೆಯ ಕೂಟ, ವಿಭಾಗದ ಕೂಟ, ರಾಜ್ಯದ ಕೂಟ. ಅದರ ಮೇಲೆ, ೧೯೫೪ರಲ್ಲಿ ಸ್ಥಾಪಿತವಾದ ಭಾರತೀಯ ಶಾಲಾಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ಮೇಲೆ ಹತ್ತುವವರಿಗೆ ಏಣಿಯು ಬೇಕೇಬೇಕು. ಆದರೆ ಏಣಿಯ ಕೆಳಗೆ ನೆಲವೆಂಬುದೊಂದಿರಬೇಕಲ್ಲವೇ? ಒಂದು ಪ್ರೌಢಶಾಲೆಯಲ್ಲಿ ೪೦೦ ಮಕ್ಕಳಿರುವರೆಂದು ಭಾವಿಸೋಣ. ಕಬಡ್ಡಿ, ಖೋ-ಖೋ, ವಾಲಿಬಾಲ್ ಎಂಬ ಮೂರು ಆಟಗಳಿಗೆ ತಂಡವೊಂದಕ್ಕೆ ೧೨ ಮಂದಿಯಂತೆ ಬಾಲಕರದೊಂದು, ಬಾಲಿಕೆಯರದೊಂದು ತಂಡವನ್ನು ಕಳುಹಿಸಿದರೆ ಒಟ್ಟು ೭೨ ಮಂದಿಯಾಯಿತು. ಗಟ್ಟಿಗರಾದ ಮಕ್ಕಳು ಎರಡು ಮೂರು ತಂಡಗಳಲ್ಲಿಯೂ ಇರುವುದು ವಾಡಿಕೆಯಾದುದರಿಂದ ನಿಜವಾಗಿ ತಲೆಗಳನ್ನು ಎಣಿಸಿದರೆ ಸಂಖ್ಯೆಯು ಇನ್ನೂ ಇಳಿಯುವುದು. ಉಳಿದ ಮುನ್ನೂರಕ್ಕೂ ಮೇಲ್ಪಟ್ಟ ಮಕ್ಕಳ ಕೆಲಸವೇನು? ಗೆದ್ದವರಿಗೆ ಚಪ್ಪಾಳೆ ತಟ್ಟುವುದು. ಕೂಟಕ್ಕೆ ಎರಡು ವಾರ ಮೊದಲು ತಂಡವನ್ನು ಆರಿಸಿ, ಆರಿಸಿದವರಿಗೆ ಮಾತ್ರ ಚೆಂಡನ್ನೂ ಅಂಗಣವನ್ನೂ ಉಪಾಧ್ಯಾಯರ ಗಮನವನ್ನೂ ಕೊಟ್ಟು, ಕೂಟವು ಮುಗಿದೊಡನೆ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳು ಎಷ್ಟಿಲ್ಲ!

ಇಲ್ಲಿ ಕಬಡ್ಡಿಯ ನಿಯಮವೊಂದನ್ನು ತಮ್ಮ ನೆನಪಿಗೆ ತರುತ್ತೇನೆ. ಅಂಗಣದಲ್ಲಿ ಪಕ್ಷಕ್ಕೆ ಏಳು ಮಂದಿ. ಎದುರಾಳಿಯು ಮುಟ್ಟಿಹೋದರೆ ಅಥವಾ ತಾನು ಹಿಡಿಯಲ್ಪಟ್ಟರೆ ಆಟಗಾರನು ಹೊರಗೆ ಹೋಗಿ ಕುಳಿತುಕೊಳ್ಳಬೇಕು. ಆದರೆ ತನ್ನ ಪಕ್ಷದವರು ಎದುರು ಪಕ್ಷದ ಒಬ್ಬನನ್ನು ಹೊರಕ್ಕೆ ಕಳುಹಿಸಿದೊಡನೆ, ಹೊರಗೆ ಕುಳಿತವರಲ್ಲಿ ಮೊದಲು ಹೋದವನು ಮರಳಿ ಜೀವ ಪಡೆದು ಒಳಗೆ ಬರುತ್ತಾನೆ. ಎಂತಹ ಉದಾರವಾದ ನಿಯಮ! ಸೋತು ಹೊರಗಾದವನು ಎಂದೆಂದಿಗೂ ಹೊರಗಿನವನಲ್ಲ. ಅವನ ಸಂಗಡಿಗರ ಗೆಲುವೇ ಅವನನ್ನು ಒಳಗೆ ಕರೆಯುತ್ತದೆ. ಆದರೆ ಇದೇ ಕಬಡ್ಡಿಗೆ ನಾವು ಹುಡುಗರನ್ನು ಆರಿಸುವ ರೀತಿಯನ್ನು ನೋಡಿ. ಹನ್ನೊಂದನೆಯ ವಯಸ್ಸಿನಲ್ಲಿ ಒಮ್ಮೆ ಬೇಡವೆನಿಸಿಕೊಂಡ ಬಾಲಕನು ತಾನು ಆಟಕ್ಕೆ ಹುಟ್ಟಿದವನಲ್ಲವೆಂದು ನಿಶ್ಚಯಿಸಿಕೊಂಡು ಮತ್ತೆ ಅಂಗಣದ ಕಡೆಗೆ ಮುಖ ಹಾಕುವುದಿಲ್ಲ. ಸಂಗಡಿಗರು ಎಷ್ಟು ಗೆದ್ದರೂ ಅವನು ಒಳಗೆ ಬರುವುದಿಲ್ಲ. ಆಟದೊಳಗಿರುವ ದಯೆಯು ಆಟಗಾರರನ್ನು ಆರಿಸುವವರಲ್ಲಿ ಇಲ್ಲದೆ ಹೋಯಿತು.

ಈ ಆಯ್ಕೆಯು ನ್ಯಾಯವಾಗಿಯಾದರೂ ನಡೆಯುವುದೇ ಎಂದರೆ, ಎಳೆಯ ವಯಸ್ಸಿನಲ್ಲಿ ಅದು ಬಹಳ ಕಷ್ಟ. ಬೆಳೆವಣಿಗೆಯು ಎಲ್ಲ ಮಕ್ಕಳಿಗೂ ಒಂದೇ ಕಾಲಕ್ಕೆ ಬರುವುದಿಲ್ಲ. ಹೆಣ್ಣುಮಕ್ಕಳು ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿಯೂ ಗಂಡುಮಕ್ಕಳು ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿಯೂ ಅತಿ ವೇಗವಾಗಿ ಎತ್ತರಕ್ಕೆ ಬೆಳೆಯುವರೆಂಬುದು ಸಾಮಾನ್ಯ ಲೆಕ್ಕ; ಕೆಲವರಿಗೆ ಇದು ಎರಡು ವರ್ಷ ಮೊದಲು, ಕೆಲವರಿಗೆ ಎರಡು ವರ್ಷ ತಡ. ಹದಿಮೂರು ವರ್ಷದ ಇಬ್ಬರು ಬಾಲಕರನ್ನು ಒತ್ತಟ್ಟಿಗೆ ನಿಲ್ಲಿಸಿದರೆ ಒಬ್ಬನು ಮೀಸೆ ಚಿಗುರಿದ ತರುಣನಂತೆಯೂ ಇನ್ನೊಬ್ಬನು ಕೂಸಿನಂತೆಯೂ ತೋರುವುದನ್ನು ತಾವೆಲ್ಲರೂ ಕಂಡಿರುವಿರಿ. ಉಪಾಧ್ಯಾಯರು ಮೊದಲನೆಯವನನ್ನು ಆರಿಸಿದರೆ ಅವರು ಆರಿಸಿದುದು ಕೌಶಲವನ್ನೋ ಬೇಗ ಬಂದ ಬೆಳೆವಣಿಗೆಯನ್ನೋ ಹೇಳಬರುವುದಿಲ್ಲ. ಕೆನಡಾ ದೇಶದಲ್ಲಿ ಹಿಮದ ಮೇಲೆ ಆಡುವ ಹಾಕಿಯನ್ನು ಕುರಿತು ೧೯೮೫ರಲ್ಲಿ ಪ್ರಕಟವಾದ ಶೋಧನೆಯೊಂದು ಪ್ರಸಿದ್ಧವಾಗಿದೆ. ಅಲ್ಲಿ ವಯೋವರ್ಗವನ್ನು ಜನವರಿ ಮೊದಲನೆಯ ದಿನದಿಂದ ಎಣಿಸುತ್ತಿದ್ದರು. ಉತ್ತಮ ತಂಡಗಳಿಗೆ ಸೇರಿದವರ ಜನ್ಮದಿನಗಳನ್ನು ನೋಡಲಾಗಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗಿಂತ ಬಹಳ ಹೆಚ್ಚಾಗಿದ್ದರು. ಕೆಲವು ತಿಂಗಳು ಮೊದಲು ಹುಟ್ಟಿದವನು ಸ್ವಲ್ಪ ದೊಡ್ಡವನಾಗಿರುವನು, ದೊಡ್ಡವನಾದುದರಿಂದ ಆಯ್ಕೆಯಾಗುವನು, ಆಯ್ಕೆಯಾದುದರಿಂದ ಹೆಚ್ಚು ಅಭ್ಯಾಸವನ್ನು ಪಡೆದು ನಿಜವಾಗಿಯೂ ಉತ್ತಮನಾಗುವನು. ತಡವಾಗಿ ಹುಟ್ಟಿದವನ ಅಪರಾಧವು ಪಂಚಾಂಗದ್ದೇ ಹೊರತು ಅವನದಲ್ಲ.

ಗೆಲುವಿನ ಆಸೆಯು ಹಿರಿಯರನ್ನು ಹಿಡಿದಾಗ ಇನ್ನೂ ಕೆಟ್ಟ ಕೆಲಸವೊಂದು ನಡೆಯುತ್ತದೆ. ಅದು ವಯಸ್ಸಿನ ಸುಳ್ಳು. ಹದಿನಾರು ವರ್ಷದವನನ್ನು ಹದಿನಾಲ್ಕರವನೆಂದು ಕಾಗದದಲ್ಲಿ ಬರೆಯಿಸಿ ಚಿಕ್ಕವರ ಕೂಟಕ್ಕೆ ಕಳುಹಿಸುವುದು ದೇಶದಲ್ಲೆಲ್ಲ ಎಷ್ಟು ಹಬ್ಬಿದೆಯೆಂದರೆ, ಇದನ್ನು ತಡೆಯುವುದಕ್ಕಾಗಿ ಭಾರತ ಸರಕಾರವು ೨೦೧೦ರಲ್ಲಿ ಪ್ರತ್ಯೇಕವಾದ ನಿಯಮಾವಳಿಯನ್ನೇ ಮಾಡಬೇಕಾಯಿತು. ಇದರಿಂದ ಇಬ್ಬರು ಮಕ್ಕಳು ಕೆಡುವರು. ನಿಜವಾಗಿ ಹದಿನಾಲ್ಕು ವರ್ಷದವನು ತನ್ನದಾದ ಸ್ಥಾನವನ್ನು ಕಳೆದುಕೊಳ್ಳುವನು. ಸುಳ್ಳಿನಿಂದ ಗೆದ್ದವನಾದರೋ, ತಂದೆಯೂ ಗುರುವೂ ಕೂಡಿ ತನಗಾಗಿ ಸುಳ್ಳು ಬರೆದರೆಂಬುದನ್ನು ಜನ್ಮವಿಡೀ ಬಲ್ಲವನಾಗಿ ಬಾಳುವನು. ಅವನಿಗೆ ನಾವು ಸತ್ಯವನ್ನು ಯಾವ ಬಾಯಿಂದ ಬೋಧಿಸೋಣ?

ಇಲ್ಲಿ ವೈದ್ಯಶಾಸ್ತ್ರವನ್ನು ಬಲ್ಲ ಹಿರಿಯರು ಒಂದು ಆಕ್ಷೇಪವನ್ನು ತರಬಹುದು. ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವಾಗ್ಭಟಾಚಾರ್ಯರು ವ್ಯಾಯಾಮವನ್ನು ಬಿಡಬೇಕಾದವರಲ್ಲಿ ವೃದ್ಧರ ಜೊತೆಗೆ ಬಾಲರನ್ನೂ ಹೇಳಿರುವರಲ್ಲವೇ, ಹೀಗಿರಲಾಗಿ ಮಕ್ಕಳೆಲ್ಲರನ್ನೂ ಅಂಗಣಕ್ಕೆ ಇಳಿಸುವುದು ಹೇಗೆ ಎಂದು. ಆಚಾರ್ಯರ ಮಾತು ನಿಜವೇ. ಬಲಿಷ್ಠರು ಕೂಡ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮವನ್ನು ಮಾಡಬೇಕೆಂದೂ, ಅತಿಯಾದರೆ ಬಾಯಾರಿಕೆ, ಕ್ಷಯ, ಶ್ವಾಸ, ಜ್ವರ ಮೊದಲಾದವು ಬರುವುವೆಂದೂ ಅಲ್ಲಿಯೇ ಹೇಳಿದೆ. ಆದರೆ ಶಾಸ್ತ್ರದಲ್ಲಿ ವ್ಯಾಯಾಮವೆಂದರೆ ಶರೀರಕ್ಕೆ ಆಯಾಸವನ್ನು ಉಂಟುಮಾಡುವುದಕ್ಕಾಗಿಯೇ ಮಾಡುವ ಸಾಧನೆ. ಮಗುವಿನ ಆಟವು ಅದಲ್ಲ. ದಣಿದಾಗ ಕುಳಿತು, ದಣಿವಾರಿದಾಗ ಓಡುವುದು ಮಗುವಿನ ಸ್ವಭಾವ. ಇಂದಿನ ವೈದ್ಯರಾದರೋ ಆಟವು ಮಕ್ಕಳಿಗೆ ಅವಶ್ಯವೆಂದೇ ಹೇಳುತ್ತಾರೆ: ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮೈಯಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದೆ. ಹಾಗೆಯೇ, ಎಳೆಯ ವಯಸ್ಸಿನಲ್ಲಿ ಒಂದೇ ಆಟಕ್ಕೆ ಕಟ್ಟಿಹಾಕಬಾರದೆಂದೂ, ವಾರಕ್ಕೆ ಒಂದೆರಡು ದಿನ ಅಭ್ಯಾಸಕ್ಕೆ ಬಿಡುವಿರಬೇಕೆಂದೂ ಅಮೆರಿಕದ ಮಕ್ಕಳ ವೈದ್ಯರ ಸಂಘದವರು ೨೦೧೬ರಲ್ಲಿ ಎಚ್ಚರಿಸಿರುವರು. ಬೆಳೆಯುವ ಮೂಳೆಯ ತುದಿಗಳು ಇನ್ನೂ ಎಳೆಯವಾಗಿರುವುದರಿಂದ ಒಂದೇ ಚಲನೆಯನ್ನು ಸಾವಿರ ಸಲ ಮಾಡಿಸಿದರೆ ಅಲ್ಲಿಯೇ ನೋವು ಹುಟ್ಟುವುದು. ಪ್ರಾಚೀನರೂ ಆಧುನಿಕರೂ ಕೂಡುವ ಸ್ಥಾನವು ಇದೇ: ಬಾಲಶರೀರವು ದೊಡ್ಡವರ ಶರೀರದ ಚಿಕ್ಕ ಪ್ರತಿಯಲ್ಲ. ಆದುದರಿಂದ ನೂರು ಮಕ್ಕಳನ್ನು ಕೂಡಿಸಿಬಿಟ್ಟು ಹತ್ತು ಮಕ್ಕಳನ್ನು ಬಳಲಿಸುವುದು ಎರಡು ಶಾಸ್ತ್ರಗಳಿಗೂ ವಿರುದ್ಧ. ನೂರು ಮಂದಿಯನ್ನೂ ಹಿತವಾಗಿ ಆಡಿಸುವುದು ಎರಡಕ್ಕೂ ಸಮ್ಮತ.

ಎಲ್ಲರನ್ನೂ ಆಡಿಸಿದರೆ ಗೆಲ್ಲುವವರು ಹುಟ್ಟುವುದಿಲ್ಲವೆಂಬ ಭಯವು ಕೆಲವರಿಗೆ ಉಂಟು. ಈ ಭಯಕ್ಕೆ ನಾರ್ವೆ ದೇಶದಲ್ಲಿ ಉತ್ತರವಿದೆ. ಸುಮಾರು ೫೫ ಲಕ್ಷ ಜನರುಳ್ಳ ಆ ಚಿಕ್ಕ ದೇಶದ ಕ್ರೀಡಾಮಹಾಸಂಘದವರು ೧೯೮೭ರಲ್ಲಿ ಮಕ್ಕಳ ಕ್ರೀಡೆಗಾಗಿ ವಿಶೇಷ ಕಟ್ಟಳೆಗಳನ್ನು ಅಂಗೀಕರಿಸಿ ೨೦೦೭ರಲ್ಲಿ ಅವುಗಳನ್ನು ಪರಿಷ್ಕರಿಸಿದರು. ಅವುಗಳ ಪ್ರಕಾರ ಹನ್ನೊಂದು ವರ್ಷಕ್ಕಿಂತ ಚಿಕ್ಕವರಿಗೆ ಸ್ಥಾನದ ಪಟ್ಟಿಗಳನ್ನು ಮಾಡಕೂಡದು. ಹದಿಮೂರಕ್ಕಿಂತ ಚಿಕ್ಕವರನ್ನು ರಾಷ್ಟ್ರದ ಚಾಂಪಿಯನ್ ಪದವಿಯ ಸ್ಪರ್ಧೆಗೆ ಇಳಿಸಕೂಡದು. ಇಷ್ಟು ಮೆಲ್ಲನೆ ನಡೆದ ದೇಶವು ೨೦೧೮ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ೩೯ ಪದಕಗಳನ್ನೂ ೨೦೨೨ರಲ್ಲಿ ೩೭ ಪದಕಗಳನ್ನೂ ಗೆದ್ದು ಎರಡು ಸಲವೂ ಪಟ್ಟಿಯ ಮೊದಲ ಸ್ಥಾನದಲ್ಲಿ ನಿಂದಿತು. ಹಿಮವೂ ಐಶ್ವರ್ಯವೂ ಅವರಿಗೆ ಸಹಾಯವಾದುವೆಂಬುದು ನಿಜ. ಆದರೆ ಎಳೆಯ ಮಕ್ಕಳನ್ನು ಜರಡಿ ಹಿಡಿಯದಿದ್ದರೆ ದೇಶವು ಸೋಲುವುದೆಂಬ ಮಾತು ನಿಲ್ಲುವಂತಿಲ್ಲ. ಹೊಲವೆಲ್ಲವನ್ನೂ ಬಿತ್ತಿದವನಿಗೆ ಒಳ್ಳೆಯ ತೆನೆ ಎಲ್ಲಿ ಬರುವುದೆಂದು ಮೊದಲೇ ತಿಳಿಯಬೇಕಾಗಿಲ್ಲ.

ತಾಯಂದಿರಲ್ಲಿ ಒಂದು ಮಾತನ್ನು ವಿಶೇಷವಾಗಿ ಅರಿಕೆಮಾಡುತ್ತೇನೆ. ಐದನೆಯ ತರಗತಿಯವರೆಗೆ ಅಣ್ಣತಮ್ಮಂದಿರ ಸಮಕ್ಕೆ ಓಡುತ್ತಿದ್ದ ಹೆಣ್ಣುಮಗುವು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಗೋಡೆಯ ಬದಿಗೆ ಸರಿದು ನಿಲ್ಲುತ್ತದೆ. ದೊಡ್ಡವಳಾದಳು, ಇನ್ನೇತರ ಆಟವೆನ್ನುವವರು ಮನೆಯವರು. ಹೆಣ್ಣುಮಕ್ಕಳಿಗೆ ಬೇರೆ ಹೊತ್ತನ್ನಾಗಲಿ ಬಟ್ಟೆ ಬದಲಿಸುವ ಕೋಣೆಯನ್ನಾಗಲಿ ಒದಗಿಸದವರು ಶಾಲೆಯವರು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯು (೨೦೧೯-೨೧) ಹದಿನೈದರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿರುವುದನ್ನು ಕಂಡಿತು. ಅವರು ಬೇಗ ದಣಿಯುವುದನ್ನು ನೋಡಿ ಆಟದಿಂದ ಬಿಡಿಸುವುದು ಚಿಕಿತ್ಸೆಯಲ್ಲ. ಸೊಪ್ಪು, ಕಾಳು, ಬೆಲ್ಲಗಳನ್ನು ಕೊಟ್ಟು, ವೈದ್ಯರಿಗೆ ತೋರಿಸಿ, ಮರಳಿ ಆಟಕ್ಕೆ ತರುವುದೇ ಚಿಕಿತ್ಸೆ. ಹೊರ ಊರಿನ ಕೂಟಕ್ಕೆ ಬಾಲಿಕೆಯರು ಹೊರಟರೆ ಸಂಗಡ ಉಪಾಧ್ಯಾಯಿನಿಯೊಬ್ಬರು ಇರಲೇಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಶಿಕ್ಷಿಸುವುದಕ್ಕಾಗಿ ೨೦೧೨ರಲ್ಲಿ ಕಾಯಿದೆಯಾಗಿರುವುದು ಸುಮ್ಮನೆ ಅಲ್ಲ. ಕ್ರೀಡೆಯ ಹೆಸರಿನಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬ ಎಚ್ಚರವು ತಂದೆತಾಯಿಗಳಿಗೂ ಆಡಳಿತದವರಿಗೂ ಸಮಾನವಾಗಿ ಇರತಕ್ಕದ್ದು.

ಇನ್ನು ಪರೀಕ್ಷೆಯ ಮಾತು. ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ಅಂಗಸಾಧನೆಗೆಂದು ಅವಧಿಯಿರುತ್ತದೆ. ದೀಪಾವಳಿಯು ಕಳೆಯಿತೆಂದರೆ ಅದು ಗಣಿತದ ಪಾಲಾಗುತ್ತದೆ. ತಂದೆತಾಯಿಗಳು ಸಂತೋಷಪಡುತ್ತಾರೆ. ಏಳು ಗಂಟೆಗಳ ಕಾಲ ಕುಳಿತ ಮಗುವಿಗೆ ಎಂಟನೆಯ ಗಂಟೆಯಲ್ಲಿ ಹೇಳಿದ ಲೆಕ್ಕವು ಎಷ್ಟು ಹತ್ತುವುದೆಂಬುದನ್ನು ಪಾಠ ಹೇಳುವ ನಾನು ಬಲ್ಲೆ. ಬಿಡುವೂ ಆಟವೂ ಮಗುವಿನ ಹಕ್ಕೆಂದು ಸಂಯುಕ್ತ ರಾಷ್ಟ್ರಸಂಘವು ೧೯೮೯ರ ಒಡಂಬಡಿಕೆಯ ೩೧ನೆಯ ವಿಧಿಯಲ್ಲಿ ಸಾರಿದೆ. ೧೯೯೨ರಲ್ಲಿ ಭಾರತವು ಅದನ್ನು ಒಪ್ಪಿದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಮೈದಾನವಿರಬೇಕೆಂದು ಅನುಸೂಚಿಯಲ್ಲಿಯೇ ಬರೆದಿದೆ. ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ. ಆಟದಲ್ಲಿ ತಪ್ಪಿದ ಮಗುವಿನ ಮೇಲೆ ಬೆತ್ತವೆತ್ತುವ ಉಪಾಧ್ಯಾಯರಿಗೂ ಈ ನಿಷೇಧವು ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಮಹಾಶಯರೇ, ಈಗ ನನ್ನ ಮುಖ್ಯವಾದ ಬಿನ್ನಹಕ್ಕೆ ಬರುತ್ತೇನೆ. ಈ ಮಹೋತ್ಸವದ ಸ್ಮಾರಕವಾಗಿ ಪ್ರೌಢಶಾಲೆಯ ಹಿಂದಣ ಬಯಲಿನಲ್ಲಿ ಕಲ್ಯಾಣಮಂಟಪವನ್ನು ಕಟ್ಟಿಸಬೇಕೆಂದು ದಾನಿಗಳಲ್ಲಿ ಕೆಲವರು ಸೂಚಿಸಿರುವರು. ಅದರ ಬಾಡಿಗೆಯಿಂದ ದಾಸೋಹಕ್ಕೆ ಆದಾಯವಾಗಲೆಂಬುದು ಅವರ ಸದುದ್ದೇಶ. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ; ಸೂಚನೆಗೆ ಮಾತ್ರ ತಲೆಯಾಡಿಸಲಾರೆ. ಆ ಬಯಲು ಒಂದು ಎಕರೆಗೆ ಕಡಿಮೆಯಿಲ್ಲ. ಎಕರೆಯೆಂದರೆ ಸುಮಾರು ೪,೦೪೭ ಚದರ ಮೀಟರು. ಖೋ-ಖೋ ಅಂಗಣಕ್ಕೆ ೨೭ ಮೀಟರು ಉದ್ದ, ೧೬ ಮೀಟರು ಅಗಲ ಬೇಕು. ಕಬಡ್ಡಿಗೆ ೧೩ ಮೀಟರು ಉದ್ದ, ೧೦ ಮೀಟರು ಅಗಲ. ಎರಡು ಖೋ-ಖೋ ಅಂಗಣಗಳನ್ನೂ ನಾಲ್ಕು ಕಬಡ್ಡಿ ಅಂಗಣಗಳನ್ನೂ ಗುರುತು ಮಾಡಿದರೆ ೧,೩೮೪ ಚದರ ಮೀಟರು ಹಿಡಿದು, ಸುತ್ತ ಓಡಾಡುವುದಕ್ಕೆ ಬೇಕಾದಷ್ಟು ನೆಲವು ಉಳಿಯುವುದು. ಖೋ-ಖೋ ಒಂದಕ್ಕೆ ಎರಡು ಪಕ್ಷಗಳು ಕೂಡಿ ೧೮ ಮಂದಿ, ಕಬಡ್ಡಿ ಒಂದಕ್ಕೆ ೧೪ ಮಂದಿ. ಒಟ್ಟು ೯೨ ಮಕ್ಕಳು ಒಂದೇ ಹೊತ್ತಿಗೆ ಆಡಬಹುದು. ಐದು ಸರದಿಗಳಾದರೆ ೪೦೦ ಮಕ್ಕಳ ಶಾಲೆಯಲ್ಲಿ ಒಬ್ಬನೂ ಹೊರಗುಳಿಯುವುದಿಲ್ಲ. ಕಲ್ಯಾಣಮಂಟಪಕ್ಕೆ ರಸ್ತೆಯ ಬದಿಯಲ್ಲಿ ಇನ್ನೊಂದು ನಿವೇಶನವು ದೊರೆತೀತು. ಶಾಲೆಗೆ ಅಂಟಿಕೊಂಡಿರುವ ಬಯಲು ಒಮ್ಮೆ ಹೋದರೆ ಮತ್ತೆ ಬಾರದು.

ಶ್ರೀಮಠದ ದಾಸೋಹದ ಪಂಕ್ತಿಯನ್ನು ತಾವು ಬಲ್ಲಿರಿ. ಚೆನ್ನಾಗಿ ಉಣ್ಣಬಲ್ಲವರನ್ನು ಮೊದಲು ಪರೀಕ್ಷಿಸಿ ಅವರಿಗೆ ಮಾತ್ರ ಬಡಿಸಿ, ಉಳಿದವರನ್ನು ಅವರು ಉಣ್ಣುವುದನ್ನು ನೋಡಿ ಸಂತೋಷಪಡಿರೆಂದು ನಿಲ್ಲಿಸುವ ಪದ್ಧತಿಯು ಇಲ್ಲಿ ಎಂದಾದರೂ ಇದ್ದಿತೇ? ಅನ್ನದಲ್ಲಿ ಇಲ್ಲದ ಭೇದವನ್ನು ಆಟದಲ್ಲಿ ಏಕೆ ಮಾಡೋಣ?

ಆದುದರಿಂದ ನಾಲ್ಕು ಸಂಗತಿಗಳನ್ನು ಆಡಳಿತ ಮಂಡಲಿಯವರೂ ಪೋಷಕರೂ ಅಂಗೀಕರಿಸಬೇಕೆಂದು ಪ್ರಾರ್ಥಿಸುತ್ತೇನೆ. ಶಾಲೆಯ ಹಿಂದಣ ಬಯಲನ್ನು ಬಯಲಾಗಿಯೇ ಉಳಿಸುವುದು ಮೊದಲನೆಯದು. ಹತ್ತನೆಯ ತರಗತಿಯೂ ಸೇರಿದಂತೆ ಯಾವ ತರಗತಿಯ ಆಟದ ಅವಧಿಯನ್ನೂ ಬೇರೆ ಪಾಠಕ್ಕೆ ಕೊಡದಿರುವುದು ಎರಡನೆಯದು. ಹೊರಗಿನ ಕೂಟಕ್ಕೆ ತಂಡವನ್ನು ಆರಿಸುವುದಕ್ಕೆ ಮುಂಚೆ, ತರಗತಿ ತರಗತಿಗಳ ನಡುವೆ ಪ್ರತಿ ಮಗುವೂ ಒಂದಲ್ಲ ಒಂದು ತಂಡದಲ್ಲಿರುವಂತೆ ಶನಿವಾರದ ಪಂದ್ಯಗಳನ್ನು ನಡೆಸುವುದು ಮೂರನೆಯದು. ಇದರಲ್ಲಿ ಬಾಲಿಕೆಯರಿಗೆ ಬಾಲಕರಷ್ಟೇ ಹೊತ್ತು, ಅಷ್ಟೇ ಅಂಗಣ. ವಯಸ್ಸಿನ ಕಾಗದದಲ್ಲಿ ಸುಳ್ಳು ಬರೆಯಿಸಿ ಬರುವ ಬಟ್ಟಲು ಎಷ್ಟೇ ಹೊಳೆಯುತ್ತಿರಲಿ, ಅದನ್ನು ನಮ್ಮ ಶಾಲೆಯ ಹೊಸ್ತಿಲೊಳಕ್ಕೆ ತಾರದಿರುವುದು ನಾಲ್ಕನೆಯದು.

ಖೋ-ಖೋ ಆಟದಲ್ಲಿ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ. ಒಬ್ಬನು ಮಾತ್ರ ಅಟ್ಟುತ್ತಿರುತ್ತಾನೆ. ಹೊರಗಿನಿಂದ ನೋಡಿದವರಿಗೆ ಎಂಟು ಮಂದಿ ಸುಮ್ಮನೆ ಕುಳಿತಂತೆ ತೋರುವುದು. ಆದರೆ ಅವರಲ್ಲಿ ಒಬ್ಬನೂ ಸುಮ್ಮನಿಲ್ಲ. ಯಾವ ಕ್ಷಣದಲ್ಲಿ ಬೆನ್ನ ಹಿಂದೆ ಕೈ ಸೋಕಿ ಖೋ ಎಂಬ ಕರೆಯು ಬರುವುದೋ ಎಂದು ನೆಲಕ್ಕೆ ಬೆರಳೂರಿ ಕಾದಿರುತ್ತಾರೆ. ನಮ್ಮ ಶಾಲೆಯ ಗೋಡೆಯ ಬದಿಯಲ್ಲಿ ನಿಂತಿರುವ ಮಕ್ಕಳೂ ಹಾಗೆಯೇ ಕಾದಿರುವರು. ಅವರನ್ನು ಕರೆಯಬೇಕಾದವರು ನಾವು. ಮಹಾಸ್ವಾಮಿಗಳವರ ಕೃಪೆಯಿಂದಲೂ ತಮ್ಮೆಲ್ಲರ ಔದಾರ್ಯದಿಂದಲೂ ಆ ಕರೆಯು ಈ ಮಹೋತ್ಸವದ ವರ್ಷದಲ್ಲಿಯೇ ಅವರಿಗೆ ಕೇಳಿಸಲೆಂದು ಹಾರೈಸುತ್ತೇನೆ.